ಸಹಾಯ ಬೇಕು: ವಿಭೂತಿ ಜಲಪಾತದ ಮಡುವಿಗೆ ಮಗಳನ್ನು ಇಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೇ ವಾರ ಶಿರಸಿ ಕಡೆಯಿಂದ ಯಾಣಕ್ಕೆ ಹೊರಟಿದ್ದೇವೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ನೋಡಿಕೊಂಡು ಹತ್ತಿರದ ವಿಭೂತಿ ಜಲಪಾತಕ್ಕೂ ಹೋಗುವ ಆಸೆ. ಕಾಡಿನೊಳಗೆ ಕಾಲುದಾರಿ, ಕೊನೆಗೆ ಈಜಲು ಮಡು ಅಂತ ಹೋಗಿಬಂದವರು ಹೇಳಿದಾಗಿನಿಂದ ಮಗಳು ದಿನ ಎಣಿಸುತ್ತಿದ್ದಾಳೆ.

ಅವಳಿಗೆ ಎಂಟು ವರ್ಷ. ಈಜು ಈಗಷ್ಟೇ ಕಲಿತಿದ್ದಾಳೆ, ಅದೂ ಈಜುಕೊಳದಲ್ಲಿ. ಹೋದ ವರ್ಷ ಬೇರೊಂದು ಹಳ್ಳದಲ್ಲಿ ನನ್ನ ಕೈ ಹಿಡಿದೇ ನಡೆಯುತ್ತಿದ್ದವಳು ಪಾಚಿಗಟ್ಟಿದ ಬಂಡೆ ಮೇಲೆ ಜಾರಿಬಿಟ್ಟಳು. ಮೊಣಕಾಲುದ್ದ ನೀರು ಅಂದುಕೊಂಡಿದ್ದೆ, ಇನ್ನೊಂದೇ ಹೆಜ್ಜೆಗೆ ನನ್ನ ಎದೆಮಟ್ಟ. ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿದದ್ದು ಇನ್ನೂ ಮರೆತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಆ ಹೊತ್ತಿಗೆ ಮಡುವಿನಲ್ಲಿ ಸೆಳೆತ ಹೇಗಿರುತ್ತೆ? ಮಕ್ಕಳು ಕಾಲೂರಿ ನಿಲ್ಲುವಂಥ ಅಂಚು ಯಾವ ಕಡೆ? ಲೈಫ್ ಜಾಕೆಟ್ ನಾವೇ ತರುತ್ತೇವೆ. ಮೇಲೆಲ್ಲೋ ಮಳೆ ಬಿದ್ದರೂ ಹಳ್ಳ ಒಮ್ಮೆಲೇ ಏರುತ್ತೆ, ಹಾಗಾಗಿ ಮೋಡ ಕಂಡರೆ ನೀರಿಗಿಳಿಯುವುದಿಲ್ಲ.

ಅತ್ತೆಯವರಿಗೆ ಮಂಡಿನೋವು, ದಾರಿ ತುಂಬಾ ಕಡಿದಾಗಿದೆಯಾ? ಉಂಬಳ ಆಗಲೂ ಇರುತ್ತಾ? (ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡಿರುತ್ತೇವೆ.) ಹೆಂಗಸರಿಗೆ ಬಟ್ಟೆ ಬದಲಿಸಲು ಜಾಗ ಇದೆಯಾ?

ಈಚೆಗೆ ಹೋಗಿಬಂದವರು, ಆ ಕಡೆಯ ಊರಿನವರು ದಯವಿಟ್ಟು ತಿಳಿಸಿ.