ವಿಡಿಯೋ ಎಕ್ಸ್‌ಪೋರ್ಟ್ ಹಾಕಿದ್ರೆ ಡೆಸ್ಕ್‌ಟಾಪ್ ಟಪ್ ಅಂತ ಆಫ್ ಆಗ್ತಿದೆ, ಬ್ಲೂ ಸ್ಕ್ರೀನೂ ಬರಲ್ಲ. ಮದರ್‌ಬೋರ್ಡ್ ಹೋಗಿದ್ಯಾ?

ಮಲ್ನಾಡ್_ಫೋಟೋ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಸಣ್ಣ ಸ್ಟುಡಿಯೋ ಇಟ್ಕೊಂಡಿದೀನಿ, ಮದುವೆ, ಗೃಹಪ್ರವೇಶ, ಉಪನಯನ ಎಲ್ಲ ಶೂಟ್ ಮಾಡಿ ಎಡಿಟಿಂಗೂ ನಾನೇ ಮಾಡೋದು. ಈಗ ಕೆಲವು ವಾರದಿಂದ ಸಿಸ್ಟಮ್ ವಿಪರೀತ ಕಾಟ ಕೊಡ್ತಿದೆ. ಫೋಟೋಶಾಪಲ್ಲಿ ಬೆಳಗ್ಗಿಂದ ಸಂಜೆ ತನಕ ಆಲ್ಬಮ್ ಡಿಸೈನ್ ಮಾಡಿದ್ರೂ ಏನೂ ಆಗಲ್ಲ, ಬ್ರೌಸಿಂಗ್, ಯೂಟ್ಯೂಬ್ ಎಲ್ಲ ಆರಾಮಾಗಿ ನಡಿಯತ್ತೆ, ಆದ್ರೆ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಎದ್ದು ಹೋದ್ರೆ ವಾಪಸ್ ಬರೋಷ್ಟರಲ್ಲಿ ಸಿಪಿಯು ಆಫ್ ಆಗಿರತ್ತೆ. ಎದುರಿಗೇ ಕೂತಿದ್ದಾಗ್ಲೂ ಆಗಿದೆ, ಯಾವ ಮೆಸೇಜೂ ಇಲ್ಲ, ಫ್ಯಾನು ಲೈಟು ಎಲ್ಲ ಒಂದೇ ಸಲ ಹೋಗತ್ತೆ.

ಕಾನ್ಫಿಗರೇಶನ್: ಐ5-9400ಎಫ್, ಎಚ್310 ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್ (ಇದು ಆಮೇಲೆ ಹಾಕಿಸಿದ್ದು), ಒಂದು ಎಸ್‌ಎಸ್‌ಡಿ, ಒಂದು 1 ಟಿಬಿ ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬ) ಕ್ಯಾಬಿನೆಟ್ ಜೊತೆಗೇ ಬಂದಿದ್ದು, 450 ವ್ಯಾಟ್ ಅಂತ ಬರೆದಿದೆ. ಯುಪಿಎಸ್ 600 ವಿಎ. ವಿಂಡೋಸ್ 10.

ಸರ್ವಿಸ್ ಹುಡುಗ ಬಂದು ನೋಡಿ ಮದರ್‌ಬೋರ್ಡ್ ಹೋಗಿದೆ, ಈ ಮಾಡೆಲ್ ಈಗ ಸಿಗಲ್ಲ, ಪ್ರೊಸೆಸರ್ ಸಮೇತ ಹೊಸಾದು ಹಾಕ್ಸಿ ಅಂದ. ಅಷ್ಟು ದುಡ್ಡು ಹಾಕೋ ಮುಂಚೆ ಗೊತ್ತಿರೋರನ್ನ ಒಂದು ಮಾತು ಕೇಳೋಣ ಅಂತ. ಡೆಲಿವರಿ ಕೊಡ್ಬೇಕಾದ ಮದುವೆ ವಿಡಿಯೋಗಳು ಸಾಲಾಗಿ ಕೂತಿವೆ, ದಯವಿಟ್ಟು ಯಾರಾದ್ರೂ ಹೇಳಿ.

ಧೂಳು_ಬ್ರಷ್

ಬ್ರೋ ಮೊದಲು ಕ್ಯಾಬಿನೆಟ್ ತೆಗೆದು ಧೂಳು ಹೊಡಿರಿ, ತುಂಬ ಕೇಸಲ್ಲಿ ಹೀಟೇ ಕಾರಣ. ಇಂಟೆಲ್ ಜೊತೆ ಬರೋ ಕೂಲರ್‌ಗೆ ನಾಲ್ಕು ಪುಶ್ ಪಿನ್ ಇರತ್ತೆ ನೋಡಿ, ಅದ್ರಲ್ಲಿ ಒಂದು ಎದ್ದಿದ್ರೂ ಕೂಲರ್ ಓರೆಯಾಗಿ ಕೂತಿರತ್ತೆ, ಪ್ರೊಸೆಸರ್‌ಗೆ ಸರಿಯಾಗಿ ತಾಗಲ್ಲ. ಪ್ರೊಸೆಸರ್ ಕೂಲರ್ ಮಧ್ಯೆ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ರೆ ಹೊಸಾದು ಹಾಕಿ, ಬಟಾಣಿ ಕಾಳಿನಷ್ಟು ಸಾಕು. ಬ್ಲೋವರ್ ಹೊಡಿಯೋವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿ ರಭಸಕ್ಕೆ ತಿರುಗಕ್ಕೆ ಬಿಟ್ರೆ ಬೇರಿಂಗ್ ಹೋಗತ್ತೆ.

ಬೆಂಚ್_ಟೆಸ್ಟ್

ಹೀಟ್ ಇರಬಹುದು, ಇಲ್ಲದೇನೂ ಇರಬಹುದು, ಊಹೆ ಮೇಲೆ ಏನನ್ನೂ ಬದಲಾಯಿಸಬೇಡಿ ಸರ್. ಮದರ್‌ಬೋರ್ಡ್ ಅಂತೂ ಕಟ್ಟಕಡೆಗೆ ಅನುಮಾನ ಪಡಬೇಕಾದ ಭಾಗ, ಯಾಕಂದ್ರೆ ಅದನ್ನ ಬೇರೆ ಬೋರ್ಡ್ ಇಲ್ದೆ ಪರೀಕ್ಷೆ ಮಾಡಕ್ಕಾಗಲ್ಲ, ಉಳಿದಿದ್ದೆಲ್ಲ ಮನೇಲೇ ಕೂತು ನೋಡಬಹುದು.

ಮೊದಲನೇದು, ಸಿಸ್ಟಮ್‌ನ ವಿಂಡೋಸೇ ಆಫ್ ಮಾಡ್ತಿದ್ಯಾ ಇಲ್ಲ ಕರೆಂಟ್ ಕಡಿದು ಹೋಗ್ತಿದ್ಯಾ ಅಂತ ತಿಳ್ಕೊಬೇಕು. ಸ್ಟಾರ್ಟ್ ಮೆನುವಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆಗೀರಿ, ಆಫ್ ಆದ ಸಮಯದ ಹತ್ರ ಏನಿದೆ ನೋಡಿ. ಈವೆಂಟ್ ಐಡಿ ಕಾಲಮಲ್ಲಿ 1074 ಇದ್ರೆ ಯಾವುದೋ ಪ್ರೋಗ್ರಾಮೋ ಅಪ್‌ಡೇಟೋ ಕ್ರಮವಾಗಿ ಶಟ್‌ಡೌನ್ ಮಾಡಿದೆ ಅಂತ, ಯಾರು ಮಾಡಿದ್ದು ಅಂತಾನೂ ಅಲ್ಲೇ ಬರೆದಿರತ್ತೆ. 6008 ಅಂದ್ರೆ ಹಿಂದಿನ ಶಟ್‌ಡೌನ್ ಅನಿರೀಕ್ಷಿತ ಅಂತ ಅಷ್ಟೇ. ಕರ್ನಲ್-ಪವರ್ 41 ಇದ್ರೆ ಅದನ್ನ ಡಬಲ್ ಕ್ಲಿಕ್ ಮಾಡಿ ಡೀಟೇಲ್ಸ್‌ನಲ್ಲಿ ಬಗ್‌ಚೆಕ್‌ಕೋಡ್ ಅನ್ನೋ ಸಾಲು ನೋಡಿ. ಅಲ್ಲಿ ಬೇರೆ ನಂಬರ್ ಇದ್ರೆ ಬ್ಲೂ ಸ್ಕ್ರೀನ್ ಬಂದಿತ್ತು ಅಂತ, ಆಗ ಡ್ರೈವರ್ರು ರ‍್ಯಾಮು ಹುಡುಕಬೇಕು. 0 ಇದ್ರೆ ವಿಂಡೋಸ್‌ಗೆ ಬರ್ಕೊಳ್ಳೋಕೂ ಟೈಮ್ ಸಿಕ್ಕಿಲ್ಲ, ಹೆಚ್ಚಾಗಿ ಪವರ್ ಕಡೆ ತೊಂದ್ರೆ. 41 ನೋಡಿದ ತಕ್ಷಣ ಅದೇ ಕಾಯಿಲೆ ಅನ್ಕೊಂಡು ಜನ ಇಂಟರ್ನೆಟ್ ತುಂಬ ಹುಡುಕ್ತಾರೆ, ಅದು ಕಾರಣ ಅಲ್ಲ, "ಸರಿಯಾಗಿ ಮುಚ್ಚಲಿಲ್ಲ" ಅಂತ ಆಮೇಲೆ ಬರೆದಿಟ್ಟ ಟಿಪ್ಪಣಿ.

ಟೆಂಪರೇಚರ್ ನೋಡಕ್ಕೆ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ, ಸೆನ್ಸರ್ ವಿಂಡೋಲಿ ಲಾಗ್ ಫೈಲ್ ಮಾಡೋ ಬಟನ್ ಇದೆ, ಅದನ್ನ ಒತ್ತಿ ಆಮೇಲೆ ಎಕ್ಸ್‌ಪೋರ್ಟ್ ಶುರು ಮಾಡಿ. ಆಫ್ ಆದ್ರೂ ಕೊನೇ ಕ್ಷಣದ ತನಕ ರೀಡಿಂಗ್ ಫೈಲಲ್ಲಿ ಉಳಿದಿರತ್ತೆ. ನಿಮ್ಮ ಪ್ರೊಸೆಸರ್‌ನ ಗರಿಷ್ಠ ಮಿತಿ 100 ಡಿಗ್ರಿ, ಅಲ್ಲಿಗೆ ಮುಟ್ಟಿದ್ರೆ ಮೊದಲು ಸ್ಪೀಡ್ ಇಳಿಸ್ಕೊಳ್ಳತ್ತೆ, ಅದಕ್ಕೂ ಬಗ್ಗದೆ ಇದ್ರೆ ಮಾತ್ರ ಆಫ್ ಆಗೋದು. ಹಾಗಾಗಿ 70ರಲ್ಲಿ ಇದ್ದಾಗ ಆಫ್ ಆದ್ರೆ ಪ್ರೊಸೆಸರ್ ಹೀಟ್ ಅಲ್ಲ ಅಂತ ಧೈರ್ಯವಾಗಿ ಹೇಳ್ಬಹುದು.

ಇನ್ನೆರಡು ಪ್ರಶ್ನೆ, ಇವು ತುಂಬ ಮುಖ್ಯ. ಆಫ್ ಆದಾಗ ಮಾನಿಟರ್ ಕೂಡ ಹೋಗತ್ತಾ ಅಥವಾ ನೋ ಸಿಗ್ನಲ್ ಅಂತ ತೋರಿಸ್ತಾ ಆನ್ ಇರತ್ತಾ? ಆಮೇಲೆ ಪವರ್ ಬಟನ್ ಒತ್ತಿದ್ರೆ ತಕ್ಷಣ ಆನ್ ಆಗತ್ತಾ?

ಪಿಯು_ಲ್ಯಾಬ್_ಮೇಡಂ

ನಮ್ಮ ಕಾಲೇಜ್ ಲ್ಯಾಬಲ್ಲಿ ಒಂದು ಸಿಸ್ಟಮ್ ಹೀಗೇ ಆಗ್ತಿತ್ತು, ಕೊನೆಗೆ ನೋಡಿದ್ರೆ ಪವರ್ ಬಟನ್ ಒಳಗೆ ಸಿಕ್ಕಾಕ್ಕೊಳ್ತಿತ್ತು. ಬಟನ್ ನಾಲ್ಕೈದು ಸೆಕೆಂಡ್ ಒತ್ತಿದ ಹಾಗೇ ಇದ್ರೆ ಬೋರ್ಡು ಸೀದಾ ಆಫ್ ಮಾಡಿಬಿಡತ್ತೆ, ಎರರ್ ಏನೂ ಬರಲ್ಲ. ಬೋರ್ಡಿಂದ ಪವರ್ ಸ್ವಿಚ್ ವೈರ್ ಕಿತ್ತಿಟ್ಟು, ಆ ಎರಡು ಪಿನ್‌ನ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಇವರಿಗೆ ಎಕ್ಸ್‌ಪೋರ್ಟಲ್ಲಿ ಮಾತ್ರ ಆಗ್ತಿರೋದ್ರಿಂದ ಇದು ಇರಲಾರದು, ಆದ್ರೂ ಮುಂದೆ ಓದೋರಿಗೆ ಉಪಯೋಗಕ್ಕೆ ಬರಬಹುದು.

ಮಲ್ನಾಡ್_ಫೋಟೋ

ಎಲ್ರಿಗೂ ಥ್ಯಾಂಕ್ಸ್. ಧೂಳು ಹೊಡೆದೆ, ಪೇಸ್ಟೂ ಹೊಸಾದು ಹಾಕ್ದೆ, ಕೂಲರ್ ಗಟ್ಟಿಯಾಗೇ ಇದೆ. ಆದ್ರೂ ಮತ್ತೆ ಆಫ್ ಆಯ್ತು. ಲಾಗಲ್ಲಿ ಕೊನೇ ರೀಡಿಂಗ್ ಪ್ರೊಸೆಸರ್ 68, ಗ್ರಾಫಿಕ್ಸ್ ಕಾರ್ಡ್ 71. ಈವೆಂಟ್ ವ್ಯೂವರ್ ತುಂಬ 41 ಇದೆ, ಬಗ್‌ಚೆಕ್‌ಕೋಡ್ ಎಲ್ಲಾದ್ರಲ್ಲೂ 0.

@ಬೆಂಚ್_ಟೆಸ್ಟ್ ಸರ್, ನೀವು ಮಾನಿಟರ್ ಕೇಳಿದ್ಮೇಲೆ ಗಮನ ಇಟ್ಟು ನೋಡ್ದೆ. ಹಗಲು ಹೊತ್ತು ಆಫ್ ಆದಾಗ ಮಾನಿಟರ್ ಆನೇ ಇರತ್ತೆ, ನೋ ಸಿಗ್ನಲ್ ಬರತ್ತೆ. ಆಮೇಲೆ ಬಟನ್ ಒತ್ತಿದ್ರೆ ಏನೂ ಆಗಲ್ಲ, ಯುಪಿಎಸ್ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ ಮಾತ್ರ ಆನ್ ಆಗತ್ತೆ. ಆದ್ರೆ ಸಂಜೆ ಏಳರ ಮೇಲೆ ಆಗೋದು ಬೇರೆ ಥರ, ಯುಪಿಎಸ್ ಟಕ್ ಅನ್ನತ್ತೆ, ಸಿಪಿಯು ಮಾನಿಟರ್ ಎರಡೂ ಒಟ್ಟಿಗೆ ಹೋಗತ್ತೆ. ಇದ್ರಿಂದ ಏನಾದ್ರೂ ಗೊತ್ತಾಗತ್ತಾ?

ಬೆಂಚ್_ಟೆಸ್ಟ್

ಬಹಳ ಗೊತ್ತಾಗತ್ತೆ! ನಿಮ್ಮ ಹತ್ರ ಇರೋದು ಒಂದು ತೊಂದ್ರೆ ಅಲ್ಲ, ಎರಡು. ಎರಡೂ ಎಕ್ಸ್‌ಪೋರ್ಟ್ ಟೈಮಲ್ಲೇ ಬರೋದ್ರಿಂದ ಒಂದೇ ಥರ ಕಾಣ್ತಿತ್ತು, ಬಹುಶಃ ನಿಮ್ಮ ಸರ್ವಿಸ್ ಹುಡುಗನಿಗೂ ಅದಕ್ಕೇ ಬಗೆಹರಿಯಲಿಲ್ಲ.

ಹಗಲಿನದ್ದು ನೋಡೋಣ. ಮಾನಿಟರ್ ಅದೇ ಯುಪಿಎಸ್ ಮೇಲೆ ಉರೀತಾ ಇದೆ ಅಂದ್ರೆ ಯುಪಿಎಸ್‌ನಿಂದ ಕರೆಂಟ್ ಬರ್ತಾನೇ ಇದೆ, ಕಡಿದಿದ್ದು ಕ್ಯಾಬಿನೆಟ್ ಒಳಗೆ. ಬಟನ್‌ಗೆ ಬಗ್ಗದೆ ಸ್ವಿಚ್ ಆಫ್ ಮಾಡಿ ಬಿಟ್ರೆ ಮಾತ್ರ ಏಳೋದು ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ಟ್ರಿಪ್ ಆಗಿ ಲಾಕ್ ಆದ ಲಕ್ಷಣ. ಈಗ ಎಸ್‌ಎಂಪಿಎಸ್ ಮೇಲಿರೋ ಸ್ಟಿಕ್ಕರ್ ಓದಿ, ದಪ್ಪಕ್ಷರದ 450 ಬಿಡಿ, +12ವಿ ಅನ್ನೋ ಕಾಲಮಲ್ಲಿ ಎಷ್ಟು ಆಂಪಿಯರ್ ಇದೆ ಅದನ್ನ ಹೇಳಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು ಆ 12 ವೋಲ್ಟ್ ಲೈನಿಂದಾನೇ. 1660 ಸೂಪರ್ ಒಂದಕ್ಕೇ 125 ವ್ಯಾಟ್, ನಿಮ್ಮ ಪ್ರೊಸೆಸರ್‌ಗೆ 65, ಅದೂ ಟರ್ಬೋದಲ್ಲಿ ಸ್ವಲ್ಪ ಹೊತ್ತು ಇನ್ನೂ ಮೇಲೆ ಹೋಗತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಎಫೆಕ್ಟು, ಕಲರ್ ಕರೆಕ್ಷನ್ನು ಕಾರ್ಡ್ ಮೇಲೆ ಹಾಕಿ ಉಳಿದಿದ್ದನ್ನ ಪ್ರೊಸೆಸರ್ ಮೇಲೆ ಹಾಕೋದ್ರಿಂದ ಎರಡೂ ಒಟ್ಟಿಗೆ ಎಳೆಯೋದು ಎಕ್ಸ್‌ಪೋರ್ಟಲ್ಲೇ, ಫೋಟೋಶಾಪಲ್ಲಿ ಹಾಗಾಗಲ್ಲ.

ಸಾಮಾನ್ಯವಾಗಿ ಕಾರ್ಡ್ ಕಿತ್ತು ಪರೀಕ್ಷೆ ಮಾಡಿ ಅಂತೀವಿ, ಆದ್ರೆ ನಿಮ್ಮದು ಎಫ್ ಪ್ರೊಸೆಸರ್, ಒಳಗೆ ಗ್ರಾಫಿಕ್ಸೇ ಇಲ್ಲ, ಕಾರ್ಡ್ ತೆಗೆದ್ರೆ ಡಿಸ್‌ಪ್ಲೇನೇ ಬರಲ್ಲ. ಬದಲಿಗೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ ಹಗಲಲ್ಲಿ ಅದೇ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿ. ನಿಧಾನ ಆಗತ್ತೆ, ಆದ್ರೆ ಪೂರ್ತಿ ಮುಗಿದ್ರೆ ಪವರ್ ಸಾಲ್ತಿಲ್ಲ ಅನ್ನೋದಕ್ಕೆ ಒಳ್ಳೇ ಸಾಕ್ಷಿ. ಮಲ್ಟಿಮೀಟರ್ ಇದ್ರೆ ಎಸ್‌ಎಂಪಿಎಸ್‌ನಿಂದ ಬರೋ, ಖಾಲಿ ಇರೋ ಮೋಲೆಕ್ಸ್ (ನಾಲ್ಕು ಪಿನ್) ಕನೆಕ್ಟರಲ್ಲಿ ಹಳದಿ ಕಪ್ಪು ವೈರ್ ಮಧ್ಯೆ ನೋಡಿ, 11.4ಕ್ಕಿಂತ ಕೆಳಗೆ ಬರಬಾರದು. ಮೀಟರ್ ಸರಿ ತೋರಿಸಿದ್ರೂ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತಲ್ಲ, ಕ್ಷಣಮಾತ್ರದ ಕುಸಿತ ಮೀಟರ್‌ಗೆ ಸಿಗಲ್ಲ.

ಒಂದು ಮಾತು, ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟ್‌ನಷ್ಟು ಚಾರ್ಜ್ ನಿಂತಿರಬಹುದು.

ವೈರಿಂಗ್_ಹುಬ್ಬಳ್ಳಿ

ನಮಸ್ಕಾರ ರೀ. ನಾ ಎಲೆಕ್ಟ್ರಿಕಲ್ ಕೆಲಸ ಮಾಡಾವ, ಕಂಪ್ಯೂಟರ್ ಒಳಗಿಂದು ಅವರು ಹೇಳ್ಯಾರ, ಸಂಜೀಕ ಆಗೋದರ ಬಗ್ಗೆ ನಾ ಹೇಳ್ತೀನಿ. ಸಂಜೀಕ ಎಲ್ಲಾರ ಮನ್ಯಾಗೂ ಲೈಟು, ಟಿವಿ, ಮಿಕ್ಸರ್ ಚಾಲೂ ಆಗ್ತಾವ, ಲೈನಿನ ತುದೀಗೆ ಇರೋರಿಗೆ ವೋಲ್ಟೇಜ್ ಬಾಳ ಇಳೀತದ. ತೀರಾ ಇಳೀತಂದ್ರ ಯುಪಿಎಸ್ ಟಕ್ ಅಂತ ಬ್ಯಾಟರಿಗೆ ಹೊಳ್ಳತದ. ಬ್ಯಾಟರಿ ಚಲೋ ಇದ್ರ ನಿಮಗ ಗೊತ್ತೂ ಆಗೂದಿಲ್ಲ. ಈ ಸಣ್ಣ ಯುಪಿಎಸ್‌ನ್ಯಾಗ 12 ವೋಲ್ಟ್ 7 ಎಎಚ್ ಬ್ಯಾಟರಿ ಇರ್ತದ, ಎರಡ ಮೂರ ವರ್ಷಕ್ಕ ಅದರ ದಮ್ಮು ಹೋಗ್ತದ. ಖಾಲಿ ಕೂತಾಗ ಹೆಂಗೋ ಎಳೀತದ, ಎಕ್ಸ್‌ಪೋರ್ಟ್ ಲೋಡ್ ಮ್ಯಾಲ ಬಿದ್ದಾಗ ಒಮ್ಮೆಲೆ ಕೈ ಬಿಡತದ. 600 ವಿಎ ಅಂದ್ರ 600 ವ್ಯಾಟ್ ಅಲ್ಲರಿ, ಸಾಮಾನ್ಯ 360 ವ್ಯಾಟ್ ಅಷ್ಟ.

ಇನ್ನ ಸ್ಟುಡಿಯೋದಾಗ ಫ್ಲ್ಯಾಶ್ ಲೈಟು, ಎಸಿ, ಫೋಟೋ ಪ್ರಿಂಟರ್ ಎಲ್ಲಾ ಅದೇ ಸ್ವಿಚ್ ಬೋರ್ಡಿಗೆ ಹಾಕೀರೇನು ನೋಡ್ರಿ. ಹಾಕಿದ್ರ ಕಂಪ್ಯೂಟರಿಗೆ ಬ್ಯಾರೆ ಲೈನ್ ಎಳಸ್ರಿ. ಚಲೋ ಎಲೆಕ್ಟ್ರಿಷಿಯನ್ ಕರಸಿ ನ್ಯೂಟ್ರಲ್ ಅರ್ಥ್ ನಡುವ ವೋಲ್ಟೇಜ್ ಅಳಸ್ರಿ, ಎರಡ ಮೂರ ವೋಲ್ಟಿಗಿಂತ ಹೆಚ್ಚು ಇದ್ರ ಅರ್ಥಿಂಗ್ ಇಲ್ಲಾ ನ್ಯೂಟ್ರಲ್ ಜಾಯಿಂಟ್ ನೋಡಬೇಕು. ನ್ಯೂಟ್ರಲ್ ಲೂಸ್ ಇದ್ದು ಪೂರಾ ಬಿಟ್ಟಿತು ಅಂದ್ರ ಮೂರ ಫೇಸ್ ಇರೋ ಕಡೆ 230 ಬರೋ ಜಾಗಾದಾಗ ಅದಕ್ಕಿಂತ ಬಾಳ ಮ್ಯಾಲ ಬಂದು ಮನ್ಯಾಗಿನ ಸಾಮಾನೆಲ್ಲಾ ಸುಡತಾವ. ಸಿಪಿಯು ಬಾಡಿ ಮುಟ್ಟಿದ್ರ ಚುರುಚುರು ಅಂತದೇನ್ರಿ? ಅಂದ್ರ ಅರ್ಥಿಂಗ್ ಇಲ್ಲಂತ ತಿಳೀರಿ, ಇದನ್ನ ಮುಂದಕ್ಕ ಹಾಕಬ್ಯಾಡ್ರಿ.

ಮಲ್ನಾಡ್_ಫೋಟೋ

ಹೌದು ಅಣ್ಣ, ಮಳೆಗಾಲದಲ್ಲಿ ಬರಿಗಾಲಲ್ಲಿ ಮುಟ್ಟಿದ್ರೆ ಚುರು ಅನ್ನತ್ತೆ, ಎಲ್ಲಾ ಕಡೆ ಹಾಗೇ ಇರತ್ತೆ ಅನ್ಕೊಂಡಿದ್ದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೀನಿ. ಯುಪಿಎಸ್ ಬ್ಯಾಟರಿ ತಗೊಂಡಾಗಿನಿಂದ ಬದಲಾಯಿಸೇ ಇಲ್ಲ.

ಸ್ಟಿಕ್ಕರಲ್ಲಿ +12ವಿ ಕೆಳಗೆ 16ಎ ಅಂತ ಇದೆ. ಪವರ್ ಲಿಮಿಟ್ 70 ಮಾಡಿ ಬೆಳಗ್ಗೆ ಎಕ್ಸ್‌ಪೋರ್ಟ್ ಹಾಕ್ದೆ, ಪೂರ್ತಿ ಮುಗೀತು! ಮತ್ತೆ 100 ಮಾಡಿದ್ರೆ ಅರ್ಧದಲ್ಲೇ ಆಫ್. ಇನ್ನೊಂದು, ಕಾರ್ಡಿಗೆ ಎಂಟು ಪಿನ್ ಕನೆಕ್ಟರ್ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ, ಅಂಗಡಿಯವ್ರು ಮೋಲೆಕ್ಸ್‌ನಿಂದ ಎಂಟು ಪಿನ್‌ಗೆ ಅಡಾಪ್ಟರ್ ಹಾಕಿ ಕೊಟ್ಟಿದ್ರು. ಈಗ ಬಿಚ್ಚಿ ನೋಡಿದ್ರೆ ಅದರ ಬಿಳಿ ಪ್ಲಾಸ್ಟಿಕ್ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿದೆ.

ಬೆಂಚ್_ಟೆಸ್ಟ್

ಆ ಅಡಾಪ್ಟರ್ ಈಗಲೇ ತೆಗೆದಿಡಿ, ಕಂದಾಗಿದೆ ಅಂದ್ರೆ ಸುಡಕ್ಕೆ ಶುರುವಾಗಿದೆ ಅಂತ. ಹೊಸ ಎಸ್‌ಎಂಪಿಎಸ್ ಬರೋ ತನಕ ಆ ಸಿಸ್ಟಮಲ್ಲಿ ಎಕ್ಸ್‌ಪೋರ್ಟ್ ಬೇಡವೇ ಬೇಡ.

16 ಆಂಪಿಯರ್ ಗುಣಿಸು 12 ಅಂದ್ರೆ 192 ವ್ಯಾಟ್. ಕಾರ್ಡು ಪ್ರೊಸೆಸರ್ ಸೇರಿದ್ರೇ 190 ಆಯ್ತು, ಬೋರ್ಡು, ಫ್ಯಾನು, ಹಾರ್ಡ್ ಡಿಸ್ಕ್ ಲೆಕ್ಕಾನೇ ಹಿಡಿದಿಲ್ಲ. 450 ಅಂತ ಬರೆದು 12 ವೋಲ್ಟಲ್ಲಿ ಅರ್ಧಾನೂ ಕೊಡದೇ ಇರೋದು ನೋಡಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರತ್ತೆ, ದುಡಿಯೋ ಜನ ಕಷ್ಟಪಟ್ಟು ಕೂಡಿಟ್ಟು ಕಾರ್ಡ್ ತಗೊಂಡಿರ್ತಾರೆ. ನಿಮ್ಮ ಮದರ್‌ಬೋರ್ಡ್ ಮೇಲೆ ಅನುಮಾನ ಪಡಕ್ಕೆ ಈಗ ಏನೂ ಕಾರಣ ಇಲ್ಲ.

ಹೆಸರಿರೋ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಮ್ಮಿ ಅನ್ನೋ ಸರ್ಟಿಫಿಕೇಟ್) ಇರೋ ಎಸ್‌ಎಂಪಿಎಸ್ ತಗೊಳ್ಳಿ, 12 ವೋಲ್ಟಲ್ಲಿ 40 ಆಂಪಿಯರ್ ಆಸುಪಾಸು ಇರ್ಬೇಕು, ಎಂಟು ಪಿನ್ ಕೇಬಲ್ ಅದರಲ್ಲೇ ಇರ್ಬೇಕು. ಶಿವಮೊಗ್ಗದಲ್ಲಿ ಸಿಗದೇ ಇದ್ರೆ ಬೆಂಗಳೂರಿಗೆ ಬರೋರ ಹತ್ರ ಎಸ್‌ಪಿ ರೋಡಿಂದ ತರಿಸಿ, ಬಿಲ್ಲು ವಾರಂಟಿ ಇಲ್ದೆ ಸೆಕೆಂಡ್‌ಹ್ಯಾಂಡ್ ಎಸ್‌ಎಂಪಿಎಸ್ ಮಾತ್ರ ಬೇಡ. ಹಾಕಿದ ಮೇಲೆ ಯುಪಿಎಸ್ ಬ್ಯಾಟರಿನೂ ಹೊಸಾದು ಮಾಡಿ, ಕೆಲಸ ಏನೂ ಇಲ್ಲದಾಗ ಯುಪಿಎಸ್ ಪ್ಲಗ್‌ನ ಸ್ವಿಚ್ ಆಫ್ ಮಾಡಿ ನೋಡಿ. ಸಣ್ಣ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಕೊಡೋ ಕರೆಂಟ್ ಶುದ್ಧ ಸೈನ್ ವೇವ್ ಅಲ್ಲ, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿ ಮಾಡೋ ಸರ್ಕ್ಯೂಟ್) ಇರೋ ಕೆಲವು ಎಸ್‌ಎಂಪಿಎಸ್‌ಗೆ ಅದು ಆಗಿಬರಲ್ಲ, ಆಗ ಯುಪಿಎಸ್ ದೊಡ್ಡದು ಬೇಕಾಗಬಹುದು.

ಮಲ್ನಾಡ್_ಫೋಟೋ

ಅಪ್‌ಡೇಟ್. ಹೊಸ ಎಸ್‌ಎಂಪಿಎಸ್ ಶಿವಮೊಗ್ಗದಲ್ಲೇ ಸಿಕ್ತು. ಪವರ್ ಲಿಮಿಟ್ 100ರಲ್ಲೇ ಇಟ್ಟು ಎರಡು ಮದುವೆ ಫುಲ್ ವಿಡಿಯೋ ಎಕ್ಸ್‌ಪೋರ್ಟ್ ಆಯ್ತು, ಹಗಲಲ್ಲಿ ಒಂದು ಸಲಾನೂ ಆಫ್ ಆಗಿಲ್ಲ. ಬ್ಯಾಟರಿ ಬದಲಾಯಿಸಿದ ಮೇಲೆ ಸಂಜೆ ಯುಪಿಎಸ್ ಟಕ್ ಅಂದ್ರೂ ಸಿಸ್ಟಮ್ ನಿಲ್ತಿದೆ. ಎಲೆಕ್ಟ್ರಿಷಿಯನ್ ಬಂದು ನೋಡಿದ್ರು, ಅರ್ಥ್ ವೈರ್ ಸ್ವಿಚ್ ಬೋರ್ಡ್ ಹಿಂದೆ ಕನೆಕ್ಟೇ ಆಗಿರ್ಲಿಲ್ಲ, ಈಗ ಕನೆಕ್ಷನ್ ಕೊಟ್ಟಿದಾರೆ, ಹೊರಗಿನ ಅರ್ಥಿಂಗ್ ಗುಂಡಿ ಕೆಲಸ ಈ ವಾರ. ಹಳೇ ಎಸ್‌ಎಂಪಿಎಸ್ ನಮ್ಮ ಬಿಲ್ಲಿಂಗ್ ಕಂಪ್ಯೂಟರ್‌ಗೆ ಹಾಕ್ಕೊಬಹುದಾ? ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಬೆಂಚ್_ಟೆಸ್ಟ್

ಬೇಡ ಸರ್, ಇಷ್ಟು ಸಲ ಟ್ರಿಪ್ ಆಗಿರೋದು ಮುಂದೆ ಹೇಗೆ ನಡ್ಕೊಳ್ಳತ್ತೆ ಹೇಳಕ್ಕಾಗಲ್ಲ, ಇ-ವೇಸ್ಟ್‌ಗೆ ಕೊಡಿ. ಅದಕ್ಕಿಂತ ಮುಖ್ಯ, ಹಾರ್ಡ್ ಡಿಸ್ಕ್ ಓಡ್ತಾ ಇದ್ದಾಗಲೇ ಪದೇ ಪದೇ ಕರೆಂಟ್ ಹೋಗಿದೆ. ಡಿಸ್ಕ್ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ರೀಅಲೊಕೇಟೆಡ್ (ಕೆಟ್ಟು ಬದಲಾಯಿಸಿದ ಜಾಗ) ಮತ್ತೆ ಪೆಂಡಿಂಗ್ (ಓದಕ್ಕೆ ತೊಂದ್ರೆ ಕೊಡ್ತಿರೋ ಜಾಗ) ಸೆಕ್ಟರ್ ಸಾಲಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಇದ್ಯಾ ನೋಡಿ. ಇದ್ರೂ ಇಲ್ದಿದ್ರೂ ಡೆಲಿವರಿ ಆಗದಿರೋ ಮದುವೆಗಳ ಒರಿಜಿನಲ್ ಫೂಟೇಜ್ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ವಿಂಡೋಸ್‌ನ ಡಿಸ್ಕ್ ಪರೀಕ್ಷೆ ಚೆಕ್‌ಡಿಸ್ಕ್ ರನ್ ಮಾಡಿ, ಈ ಕ್ರಮ ತಪ್ಪಿಸಬೇಡಿ.

ಮಲ್ನಾಡ್_ಫೋಟೋ

ಪೆಂಡಿಂಗ್‌ನಲ್ಲಿ 8 ಅಂತ ತೋರಿಸ್ತಿದೆ ಸರ್, ಹಳದಿ ಬಣ್ಣ, ಕಾಶನ್ ಅಂತ ಇದೆ. ಎಕ್ಸ್‌ಟರ್ನಲ್ ಡಿಸ್ಕ್ ತಂದು ಕಾಪಿ ಹಾಕಿದೀನಿ, ಮೊದಲು ಈ ತಿಂಗಳ ಮದುವೆಗಳು, ಆಮೇಲೆ ಹಳೇವು. ಮುಗಿದ ಮೇಲೆ ಈ ಡಿಸ್ಕ್ ಕೆಲಸಕ್ಕೆ ಬಳಸಲ್ಲ, ಹೊಸಾದು ಹಾಕಿಸ್ತೀನಿ. ಹುಬ್ಬಳ್ಳಿ ಅಣ್ಣನಿಗೂ ನಿಮಗೂ ತುಂಬ ಧನ್ಯವಾದ.