ಪದ ಬೇಕು: "ರೇಶಿಯಲ್ ಡಿಸ್ಪಾರಿಟಿ"ಗೆ ತಾರತಮ್ಯ ಅನ್ನಬಹುದಾ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಒಂದು ಆರೋಗ್ಯ ಪತ್ರಿಕೆಗೆ ಅನುವಾದ ಮಾಡ್ತಿದೀನಿ, ಸಂಜೆ ಪುಟ ಹೋಗುತ್ತೆ. ಕೋವಿಡ್ ಟೈಮಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿ ಯಾರಿಗೆ ಸಿಕ್ತು, ಯಾರಿಗಿಲ್ಲ ಅನ್ನೋ ಲೇಖನ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಬದುಕಿರೋರು ಕೊಡೋ ಕಿಡ್ನಿಯ ಆಪರೇಷನ್ನು ಬಹಳ ಕಡೆ ನಿಂತುಹೋಯ್ತು, ಡಯಾಲಿಸಿಸ್‌ನೋರು ಮಾತ್ರ ಲಾಕ್‌ಡೌನ್ ಇದ್ರೂ ವಾರಕ್ಕೆ ಮೂರು ಸಲ ಸೆಂಟರ್‌ಗೆ ಹೋಗ್ಲೇಬೇಕು, ಅವರಲ್ಲಿ ಸುಮಾರು ಮೂರರಲ್ಲೊಬ್ರು ಕಪ್ಪು ಜನ, ಜನಸಂಖ್ಯೆಯಲ್ಲಿ ನೋಡಿದ್ರೆ ಅವರು ಶೇ. 13ರ ಆಸುಪಾಸು. ನಾನು "ಜನಾಂಗೀಯ ತಾರತಮ್ಯ" ಅಂತ ಹಾಕಿದ್ದೆ, ಎಡಿಟರ್ "ಅಸಮಾನತೆ" ಮಾಡಿ ಅಂತಿದಾರೆ. ಯಾವುದು ಸರಿ?

> ತಾರತಮ್ಯ ಖಂಡಿತಾ ತಪ್ಪು. ತರ, ತಮ ಪ್ರತ್ಯಯಗಳಿಂದ ಬಂದ ಪದ. ಮಾಧ್ವರ ದೇವತಾ ತಾರತಮ್ಯದಲ್ಲಿ ಅನ್ಯಾಯ ಎಲ್ಲಿದೆ ಹೇಳಿ? ಬರೀ ಮೇಲಿಂದ ಕೆಳಗಿನ ಕ್ರಮ. ಪದ ಕೆಡಿಸಿದ್ದು ಪತ್ರಿಕೆಯವರು.

> ಸಂಸ್ಕೃತದ ಜಗಳ ಆಮೇಲೆ ಆಡಿ ರಾಯರೇ. ಅಚ್ಚಗನ್ನಡದಲ್ಲಿ "ತಳಿ ಏರುಪೇರು" ಅನ್ನಿ, ಮುಗೀತು.

> ಅದೇನ್ರೀ ತಳಿ? ಕಸಿ ಪಕ್ಕ ತಳಿ ಅಂತ ಬರದ್ರ ಓದಿದವ್ರು ನರ್ಸರ್‍ಯಾಗಿನ ಮಾವಿನ ಸಸಿ ಅನ್ಕೋತಾರ. ಏರುಪೇರು ಬಿಪಿಗಿರ್‍ಲಿ.

> ಮೇಡಂ, ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋನು. ಅಮೆರಿಕದಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಕ್ರಿಯಾಟಿನಿನ್‌ನಿಂದ (ಕಿಡ್ನಿ ಸೋಸಬೇಕಾದ, ರಕ್ತದಲ್ಲಿರೋ ತ್ಯಾಜ್ಯ) ಲೆಕ್ಕ ಹಾಕೋ 2009ರ ಫಾರ್ಮುಲಾದಲ್ಲಿ ಪೇಷಂಟು ಕಪ್ಪು ಜನ ಆದ್ರೆ ಉತ್ತರನ 1.159ರಿಂದ ಗುಣಿಸ್ತಿದ್ರು. ಅಂದ್ರೆ 18 ಬರಬೇಕಾದೋನ ರಿಪೋರ್ಟಲ್ಲಿ ಹತ್ರಹತ್ರ 21. ಸರದಿಯಲ್ಲಿ ಕಾದ ದಿನ ಎಣಿಸೋಕೆ ಶುರು ಮಾಡೋದು 20ಕ್ಕೆ ಇಳಿದ್ಮೇಲೆ, ಇಲ್ಲಾ ಡಯಾಲಿಸಿಸ್ ಶುರುವಾದ್ಮೇಲೆ. ಬಿಳಿಯ 18ಕ್ಕೆ ಸಾಲಲ್ಲಿ ನಿಂತ, ಇವನು ಮನೇಲಿ. 2020ರಲ್ಲೂ ಇದು ಚಾಲ್ತಿಯಲ್ಲಿತ್ತು, ಕಸಿ ಸರದಿಗೆ ನಿಷೇಧ ಆಗಿದ್ದು 2022ರಲ್ಲಿ, ಕಳ್ಕೊಂಡ ದಿನ ವಾಪಸ್ ಕೊಡಿ ಅನ್ನೋ ನಿಯಮ 2023ರ ಜನವರಿಯಿಂದ. ಬಣ್ಣ ನೋಡಿ ಗುಣಿಸಿದ್ದಕ್ಕೆ ತಾರತಮ್ಯ ಅನ್ನದೆ ಇನ್ನೇನು? ಮೂಲದಲ್ಲಿ ಬರೀ ಅಂಕಿ ಹೋಲಿಸಿರೋ ಕಡೆ "ಅಂತರ" ಸಾಕು.

> ಫಾರ್ಮುಲಾ! ಸೂತ್ರ ಅಂದ್ರೆ ನಾಲಿಗೆ ಸವೆಯುತ್ತಾ?

> ಸೂತ್ರಾನೂ ಸಾಲಾನೇ ಸ್ವಾಮಿ. ಇಂಗ್ಲಿಷಿಂದ ತಂದ್ರೆ ಮಾತ್ರ ಮೈಲಿಗೆನಾ?

> "ಸಾಲ" ಅಲ್ಲ, ಎರವಲು.

ಪುಟ ಹೋಯ್ತು. ಲ್ಯಾಬ್ ಸರ್‌ಗೆ ಥ್ಯಾಂಕ್ಸ್, ಒಳಗಡೆ ಎರಡೂ ಪದ ಇಟ್ಕೊಂಡೆ, ಹೆಡ್ಡಿಂಗು "ಕಿಡ್ನಿ ಸರದಿಯಲ್ಲಿ ಹಿಂದುಳಿಸಲ್ಪಟ್ಟವರು". ಕರ್ಮಣಿ ಪ್ರಯೋಗ ಕನ್ನಡದ್ದಲ್ಲ ಅಂತ ದಯವಿಟ್ಟು ಯಾರೂ ಶುರು ಮಾಡ್ಬೇಡಿ.

> ಅಲ್ಲವೇ ಅಲ್ಲ.