ಅಮ್ಮನ ಸಿಪಿಕೆ 4,800: ಸ್ಟಿರಾಯ್ಡ್ ನಿಲ್ಲಿಸಬಹುದಾ ಡಾಕ್ಟ್ರೇ?

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 52 ವರ್ಷ. ನಾಲ್ಕು ತಿಂಗಳಿಂದ ನೆಲದಲ್ಲಿ ಕೂತರೆ ಏಳೋಕೆ ಆಗಲ್ಲ. ಜಡೆ ಹಾಕಲು ಕೈ ಎತ್ತಿದರೆ ಅರ್ಧಕ್ಕೇ ಇಳಿದುಬಿಡುತ್ತೆ. ಸ್ಟೇಷನ್ ಬ್ರಿಡ್ಜ್ ಹತ್ತುವಾಗ ಕಂಬಿ ಹಿಡಿದು ಮೈಯನ್ನೇ ಎಳೆದುಕೊಳ್ಳುತ್ತಾರೆ. ಕಣ್ಣಿನ ರೆಪ್ಪೆ ನೇರಳೆ ಬಣ್ಣವಾಗಿದೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು. ರಕ್ತಪರೀಕ್ಷೆಯಲ್ಲಿ ಎಸ್‌ಜಿಓಟಿ ಅನ್ನೋ ಕಿಣ್ವ ಜಾಸ್ತಿ ಇದೆ ಅಂತ ಮೊದಲು ಒಂದೂವರೆ ತಿಂಗಳು ಲಿವರ್‌ಗೆ ಔಷಧ ಕೊಟ್ಟರು. ಆಮೇಲೆ ಸಿಪಿಕೆ (ಸ್ನಾಯು ಹಾಳಾದರೆ ರಕ್ತದಲ್ಲಿ ಏರುವ ಕಿಣ್ವ) ನೋಡಿದರೆ 4,800! ಡರ್ಮಟೋಮಯೋಸೈಟಿಸ್ ಅಂದರು. ಈಗ ದಿನಕ್ಕೆ 50 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೋಟ್ರೆಕ್ಸೇಟ್. ಮೂರು ವಾರವಾಯ್ತು. ಊರಿಂದ ದೊಡ್ಡಮ್ಮ ದಿನಾ ಫೋನ್ ಮಾಡಿ "ಸ್ಟಿರಾಯ್ಡ್ ವಿಷ, ನಿಲ್ಲಿಸಿಬಿಡಿ" ಅಂತಾರೆ. ಏನು ಮಾಡಲಿ?

ಡಾಕ್ಟರ್: ದಯವಿಟ್ಟು ನಿಲ್ಲಿಸಬೇಡಿ. ಮೂರು ವಾರ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕರೆ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ತಟ್ಟನೆ ನಿಲ್ಲಿಸಿದರೆ ವಾಂತಿ ಆಗಬಹುದು, ಬಿಪಿ ಕುಸಿಯಬಹುದು, ಜೀವಕ್ಕೇ ಅಪಾಯ. ಕಾಯಿಲೆಯೂ ಮತ್ತೆ ಕೆರಳುತ್ತದೆ. ದೊಡ್ಡಮ್ಮನ ಭಯ ಸುಳ್ಳಲ್ಲ: ಶುಗರ್ ಏರುತ್ತೆ, ಮೂಳೆ ಸವೆಯುತ್ತೆ. ಅದಕ್ಕೇ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತೇವೆ, ತಿಂಗಳುಗಳ ಮೇಲೆ ನಿಧಾನವಾಗಿ ಡೋಸ್ ಇಳಿಸುತ್ತೇವೆ.

ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ಸ್ನಾಯು ಮತ್ತು ಚರ್ಮದ ಮೇಲೆ ತಿರುಗಿಬೀಳುತ್ತದೆ. ಸೊಂಟ, ತೊಡೆ, ಭುಜ ಮೊದಲು ಸೋಲುತ್ತವೆ. ನೋವಿಗಿಂತ ಶಕ್ತಿ ಹೋಗುವುದೇ ಮುಖ್ಯ. ನಾನು "ಕೈಕಟ್ಟಿಕೊಂಡು ಕುರ್ಚಿಯಿಂದ ಏಳಿ" ಅಂತ ಹೇಳಿ ನೋಡುತ್ತೇನೆ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತೆ. ಇನ್ನು ಎಸ್‌ಜಿಓಟಿ ಲಿವರ್‌ನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇದೆ. ಸುಸ್ತಿನ ಜೊತೆ ಅದು ಏರಿದ್ದರೆ ಸಿಪಿಕೆ ಕೂಡ ನೋಡಲೇಬೇಕು. ನಿಮ್ಮ ಒಂದೂವರೆ ತಿಂಗಳು ಹೋಗಿದ್ದು ಅಲ್ಲೇ, ಬೇಸರವಾಗುತ್ತೆ.

ಒಂದು ಮಾತು ಮಾತ್ರ ಮರೀಬೇಡಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಐಸಿಯುಗೆ ಬರುವವರಿದ್ದಾರೆ. ಅದು ಕೆಲಸ ಶುರುಮಾಡಲು ಎರಡು ಮೂರು ತಿಂಗಳು ಬೇಕು. ಆಗ ಸ್ಟಿರಾಯ್ಡ್ ಇಳಿಸುವುದು ಸುಲಭ.

ದೊಡ್ಡವರಲ್ಲಿ ಡರ್ಮಟೋಮಯೋಸೈಟಿಸ್ ಜೊತೆ ಕೆಲವೊಮ್ಮೆ ಕ್ಯಾನ್ಸರ್ ಅಡಗಿರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಮ್ಯಾಮೋಗ್ರಾಂ, ಹೊಟ್ಟೆಯ ಸ್ಕ್ಯಾನ್ ಆಗಿದೆಯಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಗುಂಪಿನ ಇನ್ನೊಬ್ಬ ಸದಸ್ಯರು (ಮುಲುಂಡ್‌ನಿಂದ): ಸರ್, ಅಪ್ಪನಿಗೂ ಕಾಲು ನೋವು. ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಮಾತ್ರೆ ತಗೊಳ್ತಾರೆ, ಸ್ಟೆಂಟ್ ಇದೆ. ಇದೇ ಕಾಯಿಲೆನಾ?

ಡಾಕ್ಟರ್: ಬರೀ ನೋವಾದರೆ ಇದಾಗಿರುವುದು ಅಪರೂಪ. ಆ ಮಾತ್ರೆಯಿಂದಲೂ ಸ್ನಾಯು ನೋಯಬಹುದು, ಸಿಪಿಕೆ ಮಾಡಿಸಿ. ಸ್ಟೆಂಟ್ ಇರುವುದರಿಂದ ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.

ಪ್ರಶ್ನೆ (ಡೊಂಬಿವಲಿ): ಅಮ್ಮನಿಗೆ ವ್ಯಾಯಾಮ ಮಾಡಿಸಬಹುದಾ? ವಿಶ್ರಾಂತಿಯೇ ಬೇಕು ಅಂತಾರೆ ಎಲ್ಲರೂ. ಇನ್ನೊಂದು, ನಿನ್ನೆಯಿಂದ ನೀರು ಕುಡಿದರೆ ಕೆಮ್ಮು ಬರುತ್ತೆ. ಅವಲಕ್ಕಿ ಗಂಟಲಲ್ಲೇ ನಿಂತ ಹಾಗಾಗುತ್ತೆ ಅಂತಾರೆ.

ಡಾಕ್ಟರ್: ವ್ಯಾಯಾಮ ಒಳ್ಳೆಯದೇ, ಫಿಸಿಯೋಥೆರಪಿಸ್ಟ್ ಹೇಳಿದಂತೆ. ಆದರೆ ಅದು ಆಮೇಲೆ. ಕೆಮ್ಮು, ಗಂಟಲಲ್ಲಿ ನಿಲ್ಲುವುದು ಅಂದರೆ ನುಂಗುವ ಸ್ನಾಯುವೂ ಸೋತಿರಬಹುದು. ನೀರು, ಅನ್ನ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ. ನಾಳೆ ನೋಡೋಣ ಅನ್ನಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನುಂಗಲು ಕಷ್ಟವಿರುವವರಿಗೆ ಐವಿಐಜಿ ಅನ್ನುವ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ದುಬಾರಿ. ಖರ್ಚಿನ ಚಿಂತೆಯಿದ್ದರೆ ಮುಂಬೈ ಪರೇಲಿನ ಕೆಇಎಂ ಪಾಲಿಕೆ ಆಸ್ಪತ್ರೆಯಲ್ಲೂ ಇಂಥ ಕಾಯಿಲೆ ನೋಡುವ ರೂಮಟಾಲಜಿ ವಿಭಾಗವಿದೆ. ಹೋಗುವವರೆಗೆ ಅಮ್ಮ ಮಲಗಿರುವಾಗ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಹೊರಡುವಾಗ ಮಾತ್ರೆಗಳ ಸ್ಟ್ರಿಪ್, ಸಿಪಿಕೆ ರಿಪೋರ್ಟ್ ಚೀಲಕ್ಕೆ ಹಾಕಿಕೊಳ್ಳಿ. ತಲುಪಿದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.